ಸಹಿ ಇಲ್ಲದ ಏಳು ನಿಮಿಷ

ವಿಂಡಮ್ ವೇಲ್, ಮೆಲ್ಬರ್ನ್
೧೪-೯-೨೦೨೫, ಭಾನುವಾರ

ಪ್ರೀತಿಯ ತಮ್ಮ ಗುರುವಿಗೆ,

ಅಕ್ಕ ತೇಜಸ್ವಿನಿಯ ಆಶೀರ್ವಾದಗಳು. ಸೊಂಟನೋವು ಈಗ ಹೇಗಿದೆ? ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರೂ ಮಾರ್ಸ್ಡನ್ ಪಾರ್ಕ್ ಬಡಾವಣೆಯ ಹೊಸ ಮನೆಯ ಹಿತ್ತಲಿಗೆ ನೀನೇ ಕಲ್ಲು ಹಾಸುತ್ತಿದ್ದೀಯಂತೆ. ಇದೆಲ್ಲ ಕೃಪಾ ಹೇಳಿದ್ದು. ಫೋನ್ ಮಾಡಿದರೆ ನೀನು "ಚೆನ್ನಾಗಿದೀನಿ ಅಕ್ಕ, ಇರು, ಕೃಪಾಗೆ ಕೊಡ್ತೀನಿ" ಎಂದು ಹೆಂಡತಿಯ ಕೈಗೆ ದಾಟಿಸಿಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಿನ್ನ ಮಗಳು ಚಿನ್ಮಯಿಗೆ ಮುತ್ತು. ನನ್ನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರೂ ಅವಳು ಮಾತಾಡುತ್ತಾಳಲ್ಲ, ಅಷ್ಟು ಸಾಕು.

ಇಲ್ಲಿನ ಒಂದು ದೊಡ್ಡ ಗ್ಯಾಲರಿ ನನ್ನ ಹದಿನೈದು ವರ್ಷದ ವಿಡಿಯೋಗಳನ್ನೆಲ್ಲ ಒಟ್ಟಿಗೆ ತೋರಿಸಲಿದೆ. ಹಳೆಯ ಹಿಂದಿ ಹಾಡು ಹಾಡುತ್ತ ಬಸ್ ಓಡಿಸುವ ಫಿಜಿಯ ಅಂಕಲ್, ಕುಸ್ತಿಪಟುವಿನ ಮುಖವಾಡ ಹಾಕಿಕೊಂಡು ಕ್ಷೌರ ಮಾಡುವ ಲೆಬನಾನಿನ ಮುದುಕ, ಮೈಕ್ ಹಿಡಿದರೆ ಕೆಳಗಿಡದ ವಿಯೆಟ್ನಾಮಿನ ಅಜ್ಜಿ. ಈ ದೇಶದಲ್ಲಿ ಯಾರ ಕಣ್ಣಿಗೂ ಬೀಳದೆ ದುಡಿಯುವವರು ಸಿನಿಮಾವನ್ನೋ ಹಾಡನ್ನೋ ಹಿಡಿದುಕೊಂಡು ಒಂದು ಗಳಿಗೆ ದೊಡ್ಡವರಾಗುತ್ತಾರಲ್ಲ, ನಾನು ಇಷ್ಟು ವರ್ಷ ಬೆನ್ನು ಹತ್ತಿದ್ದು ಅದನ್ನೇ. ಎಲ್ಲಕ್ಕಿಂತ ಮೊದಲು, ಬಾಗಿಲಲ್ಲೇ, ನಿನ್ನ ವಿಡಿಯೋ ಇರಬೇಕೆಂದು ಗ್ಯಾಲರಿಯವರ ಆಸೆ. ಅದು ನನ್ನ ಮೊದಲ ಕೆಲಸ. ನನಗೆ ಹೆಸರು ಬಂದದ್ದೇ ಅದರಿಂದ.

ಆಗ ಪ್ಯಾರಮಟ್ಟಾದಲ್ಲಿ ನಾವಿಬ್ಬರೂ ಒಂದೇ ರೂಮಿನಲ್ಲಿದ್ದೆವು. ನೀನು ಶಾಪಿಂಗ್ ಸೆಂಟರಿನಲ್ಲಿ ಟ್ರಾಲಿ ಒಟ್ಟುಮಾಡುವ ಕೆಲಸದಲ್ಲಿದ್ದೆ. ಒಂದು ಭಾನುವಾರ ಬೆಳಿಗ್ಗೆ, ಕಾರ್ ಪಾರ್ಕಿನ ಮೇಲ್ಮಹಡಿಯಲ್ಲಿ, ನಿನ್ನ ಯೂನಿಫಾರ್ಮಿನ ಮೇಲೆ ನಾನು ಹೊಲಿದ ಮಿಂಚಿನ ಕೋಟು ಹಾಕಿಸಿ, ಟ್ರಾಲಿಗಳ ಉದ್ದ ಸಾಲನ್ನು ತಳ್ಳುತ್ತ ನಮ್ಮ ಸಿನಿಮಾ ಹೀರೋಗಳ ಹಾಗೆ ಎಂಟ್ರಿ ಕೊಡು ಎಂದೆ. ನೀನು ಏಳು ನಿಮಿಷ ಕುಣಿದೆ. ಎಷ್ಟು ಚೆನ್ನಾಗಿ ಕುಣಿದೆ ಕಣೋ! ಅದನ್ನು ಮೊದಲು ತೋರಿಸಿದ ಗ್ಯಾಲರಿಯಲ್ಲಿ ಜನ ಬಿದ್ದು ಬಿದ್ದು ನಕ್ಕರು. ಗೋಡೆಗೆ ಒರಗಿ ನಿಂತಿದ್ದ ನೀನೂ ನಕ್ಕೆ, ನಾನು ಅದನ್ನು ಖುಷಿ ಎಂದುಕೊಂಡೆ. ಆಮೇಲೆ ಅದು ನಿನ್ನ ಜೊತೆ ಕೆಲಸ ಮಾಡುವವರ ಫೋನುಗಳಿಗೂ ಬಂತು. ಊಟದ ಹೊತ್ತಿನಲ್ಲಿ ಹಾಕಿಕೊಂಡು ನಿನ್ನೆದುರೇ ನಗುತ್ತಿದ್ದರಂತೆ. ಎರಡು ತಿಂಗಳಿಗೆ ನೀನು ಆ ಕೆಲಸ ಬಿಟ್ಟೆ. ಯಾಕೆಂದು ನಾನು ಕೇಳಲಿಲ್ಲ.

ಹೋದ ವಾರ ಗ್ಯಾಲರಿಯ ಹುಡುಗಿ ಎಲ್ಲರ ಒಪ್ಪಿಗೆ ಪತ್ರ ಕೇಳಿದಳು. ಸಹಿ ಇಲ್ಲದೆ ಯಾರನ್ನೂ ತೋರಿಸುವಂತಿಲ್ಲ. ಬಸ್ ಅಂಕಲ್‌ಗೆ ಒಂದೊಂದು ಸಾಲನ್ನೂ ಓದಿ ಹೇಳಿ ಸಹಿ ಹಾಕಿಸಿಕೊಂಡವಳು ನಾನು. ನಿನ್ನದು ಮಾತ್ರ ಇರಲಿಲ್ಲ. ತಮ್ಮನ ಹತ್ತಿರ ಯಾರಾದರೂ ಸಹಿ ಕೇಳುತ್ತಾರೆಯೇ? ಅಕ್ಕ ಹೇಳಿದಳು, ತಮ್ಮ ಕುಣಿದ. ಅಂಗಡಿಗೆ ಹೋಗಿ ಬಾ ಅನ್ನುವುದಕ್ಕೂ ಇದಕ್ಕೂ ನಮ್ಮ ಮನೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. ಬಾಯಿಮಾತಿನಲ್ಲಾದರೂ ನೀನು ಒಪ್ಪಿರಬಹುದೆಂದು ಹಳೆಯ ಟೇಪನ್ನು ಪೂರ್ತಿ ಹಾಕಿ ನೋಡಿದೆ. ಕುಣಿದು ಮುಗಿದ ಮೇಲೆ ಏದುಸಿರು ಬಿಡುತ್ತ ಕ್ಯಾಮೆರಾದ ಹತ್ತಿರ ಬಂದು ಹೇಳುತ್ತೀಯ: "ಸಾಕಾ ಅಕ್ಕ? ಅಮ್ಮಂಗೆ ಕಳ್ಸು, ನಗ್ತಾಳೆ. ಬೇರೆ ಯಾರ್ಗೂ ತೋರಿಸ್ಬೇಡ."

ವಿಡಿಯೋದಿಂದ ಆ ಮಾತನ್ನು ಕತ್ತರಿಸಿದವಳು ನಾನೇ, ಗುರು. ಮರೆತಿದ್ದೆ ಎಂದು ಬರೆಯಬಹುದಿತ್ತು, ಆದರೆ ಮರೆತಿರಲಿಲ್ಲ. ಅಮ್ಮನಿಗೂ ವಿಡಿಯೋ ಕಳಿಸಲಿಲ್ಲ, ನಾಳೆ ನಾಡಿದ್ದು ಎನ್ನುತ್ತಲೇ ಉಳಿಯಿತು. ಅಮ್ಮ ನೋಡಿದಳಾ ಎಂದು ನೀನು ಎರಡು ಸಲ ಕೇಳಿದೆ. ನೋಡಿದಳು, ತುಂಬ ನಕ್ಕಳು ಎಂದೆ. ಸುಳ್ಳು. ಮುಂದಿನ ವರ್ಷ ಅಮ್ಮ ತೀರಿಕೊಂಡಾಗ ಊರಿಗೆ ಹೋಗುವ ವಿಮಾನದಲ್ಲಿ ನೀನು ಪಕ್ಕ ಕುಳಿತು "ಅದೊಂದನ್ನಾದ್ರೂ ನೋಡಿದ್ಲಲ್ಲ ಅಕ್ಕ" ಎಂದೆ. ಆಗಲೂ ನಾನು ಬಾಯಿ ಬಿಡಲಿಲ್ಲ. ಹೊರಗಿನವರ ಸಂಕಟ ಕಾಣುವ ಕಣ್ಣು ನನಗಿದೆ ಎಂದು ಪತ್ರಿಕೆಗಳು ಬರೆದಿವೆ. ಈಗ ಅದನ್ನು ಓದಿದರೆ ನಾಚಿಕೆಯಾಗುತ್ತದೆ.

ಬರುವ ಶುಕ್ರವಾರದೊಳಗೆ ನಿನ್ನ ಸಹಿ ತಂದುಕೊಡಿ ಎಂದು ಗ್ಯಾಲರಿಯವರು ಹೇಳಿದ್ದರು. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಕ್ಷಮಿಸು ಎಂದು ಹೇಳಿದ್ದಿಲ್ಲ, ಹೇಗೆ ಹೇಳಬೇಕೋ ನನಗೂ ಗೊತ್ತಿಲ್ಲ. ಕ್ಷಮಿಸು.

ಕೃಪಾಳನ್ನು ಕೇಳಿದೆ ಎಂದು ಹೇಳು. ಕಲ್ಲು ಹಾಸುವುದಕ್ಕೆ ಯಾರನ್ನಾದರೂ ಕರೆಸಿಕೋ. ದೇವರು ನಿಮ್ಮ ಮೂವರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ತೇಜು

ಇನ್ನೊಂದು ಮಾತು: ಲಕೋಟೆಯಲ್ಲಿ ಒಪ್ಪಿಗೆಯ ಫಾರ್ಮ್ ಇಲ್ಲ, ಹುಡುಕಬೇಡ. ಆ ವಿಡಿಯೋವನ್ನು ಇನ್ನು ಎಲ್ಲಿಯೂ ತೋರಿಸುವುದಿಲ್ಲ ಎಂದು ನಿನ್ನೆಯೇ ಗ್ಯಾಲರಿಗೆ ಹೇಳಿಬಿಟ್ಟೆ. ಅವರಿಗೆ ಸಿಟ್ಟು ಬಂದಿದೆ, ಪ್ರದರ್ಶನವನ್ನೇ ಮುಂದಕ್ಕೆ ಹಾಕಬೇಕಾದೀತು ಎನ್ನುತ್ತಿದ್ದಾರೆ. ಹಾಕಲಿ. ನಿನ್ನನ್ನು ಕೇಳಿದ್ದರೆ ನೀನು "ಪರ್ವಾಗಿಲ್ಲ ಅಕ್ಕ, ಹಾಕ್ಕೋ" ಎನ್ನುತ್ತಿದ್ದೆ. ಅದಕ್ಕೇ ಕೇಳಲಿಲ್ಲ.