ಬಾಗಿಲ ಹೊರಗಿನ ಬೂಟು

ನೆರವು ಕಚೇರಿಯ ಸಾಹೇಬರಿಗೆ ನಮಸ್ಕಾರ.

ಕೌಂಟರಿನಲ್ಲಿ ನಿಂತು ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ತನಿಖೆಗೆ ಬಂದ ನಿಮ್ಮ ಗುಮಾಸ್ತರು ಬಾಗಿಲ ಹೊರಗೆ ಗಂಡಸಿನ ಬೂಟು ಕಂಡು, "ಏನಮ್ಮಾ, ಯಜಮಾನ್ರು ಮಲಗಿದ್ದಾರಾ?" ಎಂದು ನಕ್ಕು ಹೋದರು. ಒಂಟಿ ತಾಯಿಯ ನೆರವು ಆ ತಿಂಗಳೇ ನಿಂತಿತು.

ಆ ಬೂಟನ್ನು ಗುಜರಿಯಿಂದ ತಂದವಳು ನಾನೇ. ಆಸ್ಪತ್ರೆಯ ಲಾಂಡ್ರಿಯಲ್ಲಿ ನನಗೆ ಸಂಜೆ ಪಾಳಿ, ಮನೆಯಲ್ಲಿ ಮಗಳೊಬ್ಬಳೇ. ಒಳಗೆ ಗಂಡಸಿದ್ದಾನೆಂದು ಬೀದಿಯವರು ತಿಳಿಯಲಿ ಅಂತ ಇಟ್ಟೆ. ಬೂಟಿನ ಯಜಮಾನ ದುಡಿಯುವುದಿಲ್ಲ, ನಿಜ. ಆದರೆ ಕುಡಿಯುವುದಿಲ್ಲ, ಬಡಿಯುವುದಿಲ್ಲ. ಬಿಟ್ಟುಹೋದವನಿಗಿಂತ ವಾಸಿ.

ದಯವಿಟ್ಟು ಇನ್ನೊಮ್ಮೆ ಅವರನ್ನು ಕಳಿಸಿ, ಒಳಗೆ ಬಂದು ನೋಡಲಿ. ಬೂಟು ತೆಗೆ ಅಂತ ಮಾತ್ರ ಹೇಳಬೇಡಿ. ನಿಮ್ಮಂತೆಯೇ ಬೀದಿಯವರೂ ಅದನ್ನು ನಂಬಿದ್ದಾರೆ.

ಇಂತಿ,
ಮೂಲೆಮನೆಯ ಲಾಂಡ್ರಿಯಮ್ಮ