ನೀಲಿ ಚುಕ್ಕೆ, ಕಪ್ಪು ಚುಕ್ಕೆ

ಬುಧವಾರ, ಬೆಳಿಗ್ಗೆ ಒಂಬತ್ತೂಕಾಲು

ನಮ್ಮ ಮೇಸ್ತ್ರಿಗೆ,

ಮೊದಲು ಕಾರಿನ ಕೀಲಿ ನಟ್ಟುವಿನ ಕೈಗೆ ಕೊಡು. ಕೊಟ್ಟ ಮೇಲೆ ಕೂತು ಇದನ್ನು ಓದು. ಕ್ಷೇಮ ಸಮಾಚಾರವೆಲ್ಲ ಆಮೇಲೆ.

ನಿನ್ನೆ ಮಧ್ಯಾಹ್ನ ನಿನ್ನ ಕಾರಿಗೆಂದು ನಮ್ಮ ಗುಜರಿಯಿಂದ ಬ್ರೇಕಿನ ಮಾಸ್ಟರ್ ಸಿಲಿಂಡರ್ ಹೋಗಿದೆ. ಪೆಡಲ್ ಒತ್ತಿದರೆ ನಾಲ್ಕು ಚಕ್ರಕ್ಕೂ ಎಣ್ಣೆ ತಳ್ಳುತ್ತದಲ್ಲ, ಅದು. ಕೊಟ್ಟವನು ನಾನು, ಕೊಟ್ಟದ್ದು ಕೆಟ್ಟ ಮಾಲು. ಒಳಗಿನ ರಬ್ಬರ್ ತಿಂದುಹೋಗಿದೆ. ಒಂದು ಸಲ ಒತ್ತಿದರೆ ಗಟ್ಟಿಯಾಗಿಯೇ ನಿಲ್ಲುತ್ತದೆ, ಜೋಡಿಸಿದ ಮೆಕ್ಯಾನಿಕ್ ಕೂಡ ಸರಿಯಿದೆ ಅಂದುಬಿಡುತ್ತಾನೆ. ಇಳಿಜಾರಿನಲ್ಲಿ ಒತ್ತಿ ಹಿಡಿದುಕೊಂಡೇ ಇದ್ದರೆ ಪೆಡಲ್ ಸದ್ದಿಲ್ಲದೆ ಕೆಳಗಿಳಿದು ನೆಲ ಮುಟ್ಟುತ್ತದೆ. ಆಮೇಲೆ ಕಾರು ನಿನ್ನ ಮಾತು ಕೇಳುವುದಿಲ್ಲ. ಸರಿಯಾದ ಸಿಲಿಂಡರನ್ನೂ ಸ್ಪ್ಯಾನರ್ ಚೀಲವನ್ನೂ ನಟ್ಟುವಿಗೆ ಕೊಟ್ಟು ಕಳಿಸುತ್ತಿದ್ದೇನೆ. ನಿಮ್ಮ ಟೈರ್ ಅಂಗಡಿಯ ಮುಂದೆಯೇ ಬಿಚ್ಚಿ ಹಾಕಿ ಕೊಡುತ್ತಾನೆ. ಅವನು ಬರುವ ಪಾರ್ಸಲ್ ಗಾಡಿ ಹತ್ತು ಗಂಟೆಗಂತೆ. ಈಗಲೇ ಎರಡು ಸಲ ಗೇಟಿನವರೆಗೆ ಹೋಗಿ ನೋಡಿ ಬಂದೆ.

ನಟ್ಟುವೇ ಬಾಯಿಬಿಟ್ಟು ಹೇಳುತ್ತಾನಲ್ಲ, ಪತ್ರ ಯಾಕೆ ಅನ್ನುತ್ತೀಯ. ಅವನು ನಿನ್ನನ್ನು ನೋಡಿದ ತಕ್ಷಣ ಹೇಳುವ ಮಾತು ನನಗೆ ಗೊತ್ತು. ತಪ್ಪು ನಂದೇ ಕಣಮ್ಮ, ಆತುರದಲ್ಲಿ ನೋಡದೆ ಕೊಟ್ಟುಬಿಟ್ಟೆ ಅನ್ನುತ್ತಾನೆ. ಬೆಳಿಗ್ಗೆಯಿಂದ ನನ್ನ ಮುಂದೆಯೂ ಅದನ್ನೇ ಅಭ್ಯಾಸ ಮಾಡುತ್ತಿದ್ದಾನೆ. ನೀನು ಫ್ರಾಕ್ ಹಾಕಿಕೊಂಡು ಇಂಜಿನ್‌ಗಳ ಮೇಲೆ ಕುಣಿಯುತ್ತಿದ್ದ ಕಾಲದಿಂದ ನಮ್ಮಲ್ಲಿ ಗಾಡಿ ಬಿಚ್ಚುತ್ತಿರುವ ಮನುಷ್ಯ, ನನ್ನ ತಪ್ಪನ್ನೆಲ್ಲ ಹೊತ್ತು ಹೊತ್ತು ಅವನಿಗೆ ರೂಢಿಯಾಗಿಬಿಟ್ಟಿದೆ. ನಂಬಬೇಡ. ಆ ಸಿಲಿಂಡರನ್ನು ಅವನು ಮುಟ್ಟಿಯೂ ಇಲ್ಲ.

ನಡೆದದ್ದು ಹೀಗೆ. ನಿನ್ನೆ ಊಟದ ಹೊತ್ತಿಗೆ ಒಬ್ಬ ಬಂದ. ಸಾಧು ಮನುಷ್ಯ, ಗುಜರಿಗೆ ಬಂದು ಅಭ್ಯಾಸವಿಲ್ಲ. ನೆಲದ ಎಣ್ಣೆ ಚಪ್ಪಲಿಗೆ ತಾಗದ ಹಾಗೆ ಹೆಜ್ಜೆ ಇಡುತ್ತಿದ್ದ. ಬ್ರೇಕ್ ಮೆತ್ತಗಾಗಿದೆ ಸಾರ್, ಮನೆಯವಳು ಓಡಿಸ್ತಾಳೆ, ಹಿಂದೆ ಮಗು ಕೂರುತ್ತೆ, ಒಳ್ಳೇದು ನೋಡಿ ಕೊಡಿ ಅಂದ. ನಟ್ಟು ಊಟಕ್ಕೆ ಕೂತಿದ್ದ, ನಾನೇ ಒಳಗೆ ಹೋಗಿ ತಂದುಕೊಟ್ಟೆ. ಸರಿಹೋಗ್ಲಿಲ್ಲ ಅಂದ್ರೆ ವಾಪಸ್ ತಗೋತೀರಾ ಸಾರ್ ಅಂತ ಕೇಳಿದ. ನಾನು ತಲೆಯ ಮೇಲಿನ ಬೋರ್ಡ್ ತೋರಿಸಿದೆ. ಮಾರಿದ ಮಾಲು ವಾಪಸ್ ಇಲ್ಲ ಅಂತ ಅದರ ಮೇಲೆ ಬರೆದಿರುವುದನ್ನು ನಿನಗೆ ಹೇಳಬೇಕಾಗಿಲ್ಲ. ಇವತ್ತೇ ಹಾಕಿಸ್ತೀನಿ ಅಂದುಕೊಂಡು ಹೋದ. ಬಿಲ್ಲಿನಲ್ಲಿ ಗಾಡಿ ನಂಬರ್ ಬರೆಯುವ ಕಟ್ಟಳೆ ಮಾಡಿದವಳು ನೀನೇ. ಅವನು ಹೇಳಿದ, ನಾನು ಬರೆದೆ. ಯಾರ ಗಾಡಿ ಅಂತ ತಲೆ ಕೆಡಿಸಿಕೊಳ್ಳಲಿಲ್ಲ. ನಿನ್ನ ಗಂಡನ ಮುಖವನ್ನು ನಾನು ಯಾವತ್ತು ನೋಡಿದ್ದೇನೆ, ಗುರುತು ಹಿಡಿಯುವುದಕ್ಕೆ?

ಇವತ್ತು ಎಂಟು ಗಂಟೆಗೆ ಕರಗಿಸುವ ಮಾಲು ಒಯ್ಯುವ ಲಾರಿ ಬಂತು. ನಟ್ಟು ಕಪ್ಪು ಚುಕ್ಕೆಯ ಮಾಲನ್ನೆಲ್ಲ ತುಂಬಿಸುತ್ತಿದ್ದ. ಚುಕ್ಕೆಗಳು ನೆನಪಿವೆಯಲ್ಲ? ನೀನು ಏಳನೇ ಕ್ಲಾಸಿನಲ್ಲಿದ್ದಾಗ ಗೇಟಿಗೆ ಹೊಡೆದು ಉಳಿದ ಪೇಂಟ್ ಡಬ್ಬಿ ಹಿಡಿದುಕೊಂಡು, ಪರೀಕ್ಷೆ ಮಾಡಿದ್ದಕ್ಕೆ ನೀಲಿ, ಇನ್ನೂ ನೋಡಬೇಕಾದದ್ದಕ್ಕೆ ಹಳದಿ, ಯಾರಿಗೂ ಮಾರಬಾರದ್ದಕ್ಕೆ ಕಪ್ಪು ಅಂತ ಇಡೀ ಶೆಡ್ಡಿಗೆ ಆಜ್ಞೆ ಹೊರಡಿಸಿದ್ದೆ. ಅವತ್ತಿನಿಂದಲೇ ನಾವೆಲ್ಲ ನಿನ್ನನ್ನು ಮೇಸ್ತ್ರಿ ಅಂತ ಕರೆದದ್ದು. ಕಪ್ಪು ಮಾಲನ್ನು ಬೇರೆ ಡ್ರಮ್ಮಿನಲ್ಲಿಡಿ ಅಂತಲೂ ಬಡಿದುಕೊಂಡಿದ್ದೆ. ನಾನು ಕೇಳಲಿಲ್ಲ. ಒಂದೇ ಮಾಡೆಲ್ಲಿನದು ಒಂದೇ ಕಡೆ ಇರಲಿ, ಕೆಟ್ಟದ್ದರಲ್ಲೂ ಒಂದೆರಡು ಬೋಲ್ಟ್ ಸಿಗುತ್ತವೆ ಅಂತ ಜಿಪುಣತನ. ನಟ್ಟು ಬಾಗಿಲಲ್ಲಿ ನಿಂತು, ಯಜಮಾನ್ರೇ, ನೀಲಿ ಚುಕ್ಕೇದು ಇಲ್ಲೇ ಇದೆಯಲ್ಲ, ಕಪ್ಪುದು ಎಲ್ಲಿ ಹೋಯ್ತು ಅಂದ. ಬಿಲ್ ಪುಸ್ತಕ ತೆಗೆದು ಅವನೇ ನಂಬರ್ ಓದಿದ. ಓದಿ ನನ್ನ ಮುಖ ನೋಡಿದ. ಒಂದು ಬಾಗಿಲು ಮಾತ್ರ ಕೆಂಪಗಿರುವ ಆ ಬಿಳಿ ಕಾರಿನ ನಂಬರ್ ಅವನಿಗೂ ಬಾಯಿಪಾಠ.

ನಿನ್ನ ಫೋನ್ ನಂಬರ್ ನಮ್ಮಿಬ್ಬರ ಹತ್ತಿರವೂ ಇಲ್ಲ. ನೀನು ಆ ಅಂಗಡಿಯಲ್ಲಿರುವುದು ಕೂಡ ಪಾರ್ಸಲ್ ಗಾಡಿಯ ಡ್ರೈವರ್ ಹೇಳಿಯೇ ಗೊತ್ತು. ಅವನು ಹಿಂದೊಮ್ಮೆ ಬಿಟ್ಟುಹೋಗಿದ್ದ ಪಾರ್ಸಲ್ ಚೀಟಿಯಲ್ಲಿ ನಿಮ್ಮ ಅಂಗಡಿಯ ನಂಬರ್ ಇತ್ತು, ಫೋನ್ ಮಾಡಿದೆ. ಎತ್ತಿದವನು ಮೇಡಂ ಇನ್ನೂ ಬಂದಿಲ್ಲ ಅಂದ. ಬಂದಿಲ್ಲ ಅಂದರೆ ದಾರಿಯಲ್ಲಿದ್ದಾಳೆ, ಕಾರಿನಲ್ಲಿದ್ದಾಳೆ. ಬಂದ ಕೂಡಲೇ ಕಾರು ಮುಟ್ಟಬೇಡ ಅಂತ ಹೇಳಿ ಅಂದೆ. ನೀವ್ಯಾರು ಅಂದ. ಅಪ್ಪ ಅನ್ನಲು ಎರಡು ಅಕ್ಷರ. ಗುಜರಿ ಅಂಗಡಿಯವನು ಅಂದೆ. ಯಾವ ಗುಜರಿನೂ ಬೇಡ ಹೋಗ್ರಿ ಅಂತ ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ. ಇಷ್ಟು ವರ್ಷ ಗಿರಾಕಿಗಳ ಫೋನನ್ನು ನಾನು ಹಾಗೆಯೇ ಇಟ್ಟಿದ್ದೇನೆ, ಗೊತ್ತು. ನೀನು ನಗಬೇಡ.

ಒಂಬತ್ತು ನಲವತ್ತು. ಗಾಡಿ ಇನ್ನೂ ಇಲ್ಲ. ನಟ್ಟು ನೀಲಿ ಚುಕ್ಕೆಯದಕ್ಕೆ ಎಣ್ಣೆ ತುಂಬಿಸಿ ಮೂರನೇ ಸಲ ಒತ್ತಿ ನೋಡುತ್ತಿದ್ದಾನೆ. ನಾನು ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ, ಅದಕ್ಕೇ ಅಕ್ಷರ ಹೀಗೆ ಓಡಿವೆ. ಪೆನ್ನೂ ಸರಿಯಿಲ್ಲ.

ಪೆನ್ನು ಸರಿಯಾಗಿದೆ. ಶೆಡ್ಡಿನ ಟ್ಯೂಬ್‌ಲೈಟ್ ಮಂಕಾಗಿತ್ತು ಅಂತ ಬರೆಯಬೇಕೆಂದುಕೊಂಡಿದ್ದೆ, ಅದೂ ಸರಿಯಾಗಿದೆ. ಸರಿಯಿಲ್ಲದ್ದು ನನ್ನ ಕಣ್ಣು. ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂತ ಡಾಕ್ಟರು ಹೇಳಿ ಆರು ತಿಂಗಳಾಯಿತು. ನಟ್ಟುವಿಗೂ ಹೇಳಿಲ್ಲ. ಗುಜರಿ ಯಜಮಾನನಿಗೆ ಕಣ್ಣಿಲ್ಲ ಅಂತ ಒಬ್ಬನಿಗೆ ಗೊತ್ತಾದರೆ ಸಾಕು, ಮರುದಿನವೇ ತುಕ್ಕು ಹಿಡಿದ ರೇಡಿಯೇಟರ್ ತಂದು ಹೊಸದು ಅಂತ ನನ್ನ ತಲೆಗೆ ಕಟ್ಟುತ್ತಾರೆ. ಮುಟ್ಟಿ ನೋಡಿಯೇ ಸಂಭಾಳಿಸುತ್ತಿದ್ದೆ. ಯಾವ ಗಾಡಿಯ ಯಾವ ಭಾಗ, ಎಷ್ಟು ಸವೆದಿದೆ, ಎಲ್ಲ ಬೆರಳೇ ಹೇಳುತ್ತದೆ. ಆದರೆ ಸಿಲಿಂಡರಿನ ಒಳಗಿನ ರಬ್ಬರೂ ಮೇಲಿನ ಬಣ್ಣವೂ ಬೆರಳಿಗೆ ಸಿಗುವುದಿಲ್ಲ. ನೀಲಿಯೂ ಕಪ್ಪೂ ನನಗೀಗ ಒಂದೇ.

ನಾಲ್ಕು ವರ್ಷದ ಹಿಂದೆ ಇದೇ ಮೇಜಿನ ಮುಂದೆ ಆ ಟೈಲರ್ ಹೆಂಗಸು ನಿಂತಿದ್ದರು. ಕೊಂಡುಹೋದ ಡೈನಮೋ ನಾಲ್ಕೇ ದಿನಕ್ಕೆ ಸತ್ತುಹೋಗಿತ್ತು. ನೀನು ಅಚ್ಚು ಹಾಕಿಸಿದ್ದ ಹೊಸ ಪುಸ್ತಕದಿಂದ ನೀನೇ ಹಣ ವಾಪಸ್ ಚೀಟಿ ಬರೆದುಕೊಟ್ಟೆ. ನಾನು ಅದನ್ನು ಅವರ ಕೈಯಿಂದ ಕಿತ್ತು ಎಲ್ಲರ ಎದುರಿಗೆ ಹರಿದೆ. ಗ್ಯಾರಂಟಿ ಬೇಕಾದೋರು ಶೋರೂಮಿಗೆ ಹೋಗ್ಲಿ ಅಂದೆ. ನೀನು ಜಗಳವಾಡಲಿಲ್ಲ. ನಿನ್ನ ಪರ್ಸಿನಿಂದಲೇ ಅವರಿಗೆ ದುಡ್ಡು ಕೊಟ್ಟು, ಡ್ರಾಯರಿನ ಬೀಗದ ಕೈ ನನ್ನ ಮುಂದಿಟ್ಟೆ. ಯಾವತ್ತಾದ್ರೂ ಒಂದು ಚೀಟಿ ನಿಮ್ಮ ಕೈಯಾರೆ ಬರೀರಿ ಅಪ್ಪ, ಅವತ್ತು ಬರ್ತೀನಿ ಅಂದು ಕಾರು ಹತ್ತಿದೆ. ಮೂಗಿನ ತುದಿಯಲ್ಲಿ ಕೋಪ ಇರುವವಳು ಸಂಜೆಗೆ ಬರುತ್ತಾಳೆ ಅಂದುಕೊಂಡೆ. ನಿಮ್ಮಮ್ಮ ಇದ್ದಿದ್ದರೆ ಅವತ್ತೇ ನನ್ನನ್ನು ಹೊರಡಿಸಿ ನಿನ್ನ ಹಿಂದೆ ಕಳಿಸುತ್ತಿದ್ದಳು. ನಿನಗೆ ಮದುವೆಯಾಯಿತು ಅಂತ ನಟ್ಟುವಿನಿಂದ ಕೇಳಿದೆ. ಮಗು ಇದೆ ಅಂತ ನಿನ್ನೆ ಗಿರಾಕಿಯೊಬ್ಬನ ಬಾಯಿಂದ ಕೇಳಬೇಕಾಯಿತು. ಗಂಡೋ ಹೆಣ್ಣೋ ಅಂತ ಕೂಡ ಕೇಳಲಿಲ್ಲ. ಯಾವ ಬಾಯಲ್ಲಿ ಕೇಳಲಿ?

ಆ ಪುಸ್ತಕ ಡ್ರಾಯರಿನ ತಳದಲ್ಲಿಯೇ ಇತ್ತು. ಮೊದಲನೇ ಹಾಳೆಯ ಹರಿದ ಅಂಚು ಹಾಗೆಯೇ ಇದೆ. ಎರಡನೆಯದನ್ನು ನಾನು ಇವತ್ತು ಬರೆದಿದ್ದೇನೆ, ನನ್ನ ಕೈಯಾರೆ. ಅದನ್ನೂ ದುಡ್ಡನ್ನೂ ಇದೇ ಕವರಿನಲ್ಲಿಟ್ಟಿದ್ದೇನೆ. ಕಾರಣ ಅಂತ ಒಂದು ಗೆರೆ ಬಿಟ್ಟಿದ್ದೀಯಲ್ಲ, ಅಲ್ಲಿ ಮಾರಿದವನ ಕಣ್ಣು ಸರಿಯಿಲ್ಲ ಅಂತ ಬರೆದೆ. ಅಕ್ಷರ ಗೆರೆಯ ಮೇಲೆ ಕೂತಿಲ್ಲ, ಬೈದುಕೊಳ್ಳಬೇಡ.

ಬೋರ್ಡನ್ನು ಕೆಳಗಿಳಿಸಿದ್ದೇನೆ. ಹೊಸದರ ಮೇಲೆ ಏನು ಬರೆಯಬೇಕೆಂದು ನೀನು ಬಂದು ಹೇಳು. ಕೆಟ್ಟ ಸಿಲಿಂಡರನ್ನು ನಟ್ಟುವಿನ ಕೈಯಲ್ಲಿ ಕಳಿಸಬೇಡ. ಕೊಂಡವರೇ ತಂದು ಒಪ್ಪಿಸಬೇಕು ಅಂತ ಚೀಟಿಯ ಹಿಂಬದಿಯಲ್ಲಿ ನಿಯಮ ಅಚ್ಚು ಹಾಕಿಸಿದವಳೂ ನೀನೇ. ನಿನ್ನ ನಿಯಮ ನೀನು ಮುರಿಯುವ ಹಾಗಿಲ್ಲ. ನಾನೇ ಬರಬಹುದಿತ್ತು, ಗಾಡಿಯಲ್ಲಿ ಇನ್ನೊಬ್ಬರಿಗೆ ಜಾಗವಿದೆ. ನೀನು ಮುಖ ತಿರುಗಿಸಿದರೆ ತಡೆದುಕೊಳ್ಳುವ ಧೈರ್ಯ ಇಲ್ಲ, ಅಷ್ಟೇ.

ನೀನು ಕಾರಿನಿಂದ ಕ್ಷೇಮವಾಗಿ ಇಳಿದಿದ್ದೀಯ ಅಂತ ನಟ್ಟು ಫೋನ್ ಮಾಡುವವರೆಗೆ ಇಲ್ಲಿ ಒಂದು ತೊಟ್ಟು ನೀರೂ ಇಳಿಯುವುದಿಲ್ಲ.

ಇಂತಿ,
ಫೋನಿನಲ್ಲಿ ಹೇಳಲಾರದೆ ಹೋದ
ನಿನ್ನ ಅಪ್ಪ

ಮರೆತಿದ್ದು: ಗಾಡಿ ಬಂತು, ಹಾರ್ನ್ ಹೊಡೆಯುತ್ತಿದ್ದಾನೆ. ಇದೊಂದನ್ನು ಬರೆಯದೆ ಕವರ್ ಅಂಟಿಸಲಾರೆ. ಬಂದವರು ಯಾರು ಅಂತ ಗೊತ್ತಾಗಲಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ನಿನ್ನೆ ಆ ಕಾರು ಇನ್ನೂ ತಿರುವಿನಲ್ಲಿದ್ದಾಗಲೇ ಗೊತ್ತಾಗಿತ್ತು. ಅದರ ಸೈಲೆನ್ಸರಿಗೆ ಬೆಸುಗೆ ಹಾಕಿದವನು ನಾನು, ಆ ಸದ್ದು ತಿಳಿಯದೇ? ಅಳಿಯಂದಿರು ಮಗು ಕೂರುತ್ತೆ ಅಂದಾಗ ನಟ್ಟು ಊಟದ ಡಬ್ಬಿ ಮುಚ್ಚಿಟ್ಟು ತರಲು ಎದ್ದೇಬಿಟ್ಟಿದ್ದ. ಅವನನ್ನು ತಡೆದವನು ನಾನು. ನೀನು ಕೂತ್ಕೋ, ಇದನ್ನ ನಾನೇ ಆರಿಸಿ ಕೊಡಬೇಕು ಅಂದೆ. ಇಡೀ ಶೆಡ್ಡಿನಲ್ಲಿ ಎಲ್ಲಕ್ಕಿಂತ ಒಳ್ಳೆಯದು ನಿನಗೇ ಹೋಗಲಿ ಅಂತ ಒಂದೊಂದನ್ನೂ ಎತ್ತಿ ಸವರಿ ನೋಡಿದೆ. ನಟ್ಟುವನ್ನು ಕಳಿಸಿದ್ದರೆ ನೀಲಿ ಚುಕ್ಕೆಯದೇ ಬರುತ್ತಿತ್ತು.