ಪಕ್ಕದ ಬಾಗಿಲಿನ ಹಿಡಿ

ಮೆಕ್ಯಾನಿಕ್ ಅಣ್ಣನವರಿಗೆ ನಮಸ್ಕಾರ.

ಕಾರನ್ನು ಗುಜರಿಗೆ ಹಾಕುವುದಿಲ್ಲ. ನನ್ನ ಮಗ ಫೋನ್ ಮಾಡಿ ಏನೇ ಹೇಳಿದ್ದರೂ ಕಿವಿಗೆ ಹಾಕಿಕೊಳ್ಳಬೇಡಿ. ಎಂಜಿನ್ನು, ಬ್ರೇಕು, ಕ್ಲಚ್ಚು ಎಲ್ಲ ರಿಪೇರಿ ಮಾಡಿ. ನನಗೆ ಲೈಸೆನ್ಸ್ ಬಂದಿದೆ, ಇನ್ನು ಮೇಲೆ ಓಡಿಸುವವಳು ನಾನೇ.

ಪಕ್ಕದ ಸೀಟಿನ ಬಾಗಿಲಿಗೆ ಒಳಗಡೆ ಹಿಡಿಯೇ ಇಲ್ಲ, ಪುಕ್ಕಟೆ ಹಾಕಿಕೊಡುತ್ತೇನೆ ಅಂದಿದ್ದೀರಿ. ಅದು ಮುರಿದದ್ದಲ್ಲ. ಒಮ್ಮೆ ಜಗಳದ ನಡುವೆ ನಾನು ಸಿಗ್ನಲ್‌ನಲ್ಲಿ ಇಳಿದು ನಡೆದುಬಿಟ್ಟೆ. ಮರುದಿನವೇ ನಮ್ಮ ಯಜಮಾನರು ಹಿಡಿ ಬಿಚ್ಚಿಸಿದರು. ಆಮೇಲೆ ಅವರು ಸುತ್ತಿ ಬಂದು ಬಾಗಿಲು ತೆಗೆದರೆ ಮಾತ್ರ ನಾನು ಇಳಿಯಬೇಕು. ನೋಡಿದವರೆಲ್ಲ, "ಹೆಂಡತಿಯನ್ನ ಎಷ್ಟು ಚೆನ್ನಾಗಿ ನೋಡ್ಕೋತಾರಪ್ಪ" ಅನ್ನುತ್ತಿದ್ದರು. ನಾನೂ ನಗುತ್ತಿದ್ದೆ.

ಈಗ ಅವರಿಗೆ ಲಕ್ವ ಹೊಡೆದಿದೆ. ಮಾತು ಬಿದ್ದುಹೋಗಿದೆ, ಆದರೆ ಪಕ್ಕದ ಸೀಟಿನಲ್ಲಿ ಕೂತರೆ ಬಾಗಿಲ ಕಡೆಗೆ ಬರುವ ಎಡಗೈಯಲ್ಲಿ ಇನ್ನೂ ಒಳ್ಳೆಯ ಶಕ್ತಿಯಿದೆ. ವ್ಯಾಯಾಮ ಮಾಡಿಸಲು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಬೇಕು. ದಾರಿಯಲ್ಲಿ ಟೈಲರ್ ಅಂಗಡಿ, ನನ್ನ ಅಕ್ಕನ ಮನೆ ಎಲ್ಲ ಸಿಗುತ್ತವೆ. ನನಗೇನೂ ಅವಸರವಿಲ್ಲ.

ಹಿಡಿ ಮಾತ್ರ ಹಾಕಬೇಡಿ. ನಾನೇ ಸುತ್ತಿ ಬಂದು ಬಾಗಿಲು ತೆಗೆಯುತ್ತೇನೆ. ನೋಡಿದವರು ನನ್ನನ್ನೂ ಹೊಗಳಲಿ.

ಇಂತಿ,
ಬೂದು ಬಣ್ಣದ ಕಾರಿನ ಅಮ್ಮ